ಇಂದ್ರಾಣಿ ಹೊಳೆಯ ನೀರಿನ ಪರೀಕ್ಷೆ: ಎಲ್ಲಿ, ಯಾವಾಗ, ಎಂತ ಅಳೆಯಬೇಕು?

ಕೊಡವೂರು ಬದಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಉಡುಪಿಯ ಇಂದ್ರಾಣಿ ಹೊಳೆಯ ಬದಿಯ ನಾಲ್ಕು ವಾರ್ಡ್‌ಗಳ ಜನ ಮತ್ತು ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗ ಸೇರಿ ನೀರಿನ ಪರೀಕ್ಷೆ ಶುರು ಮಾಡುವುದು ಅಂತ ತೀರ್ಮಾನ ಆಗಿದೆ. ಒಂದು ಸಲ ಬಾಟ್ಲಿ ತುಂಬಿಸಿ ಫೋಟೋ ತೆಗೆಯುವ ಕೆಲಸ ಅಲ್ಲ, ವರ್ಷಪೂರ್ತಿ ನಡೆಸಬೇಕು. ಲ್ಯಾಬಿನಲ್ಲಿ ಬ್ಯೂರೆಟ್, ತಕ್ಕಡಿ, ಪಿಎಚ್ ಮೀಟರ್, ಇನ್‌ಕ್ಯುಬೇಟರ್ ಉಂಟು. ಸೂಕ್ಷ್ಮಜೀವಿ ಪರೀಕ್ಷೆಯ ವ್ಯವಸ್ಥೆ ಇಲ್ಲ.

ಮಳೆಗಾಲದಲ್ಲಿ ನೀರು ನೋಡಲಿಕ್ಕೆ ಚೆನ್ನಾಗಿಯೇ ಇರ್ತದೆ. ಫೆಬ್ರವರಿ ಕಳೆದ ಮೇಲೆ ಕಪ್ಪಾಗಿ ವಾಸನೆ ಶುರು. ಇಂದ್ರಾಳಿ ಕಡೆಯಿಂದ ಕಲ್ಸಂಕ, ಮಠದಬೆಟ್ಟು, ನಿಟ್ಟೂರು, ಕೊಡವೂರು ದಾಟಿ ಕಲ್ಮಾಡಿಯವರೆಗೆ ಎಲ್ಲೆಲ್ಲಿ ಮಾದರಿ ತೆಗೆಯಬೇಕು? ಇರುವ ಸಾಮಾನಿನಲ್ಲಿ ಯಾವ ಪರೀಕ್ಷೆ ಮಾಡಿದರೆ ಅರ್ಥ ಉಂಟು? ಕೊಳಚೆ ಎಲ್ಲಿಂದ ಸೇರ್ತದೆ ಅಂತ ಹುಡುಕುವುದು ಹೇಗೆ? ನಮ್ಮ ಅಂಕಿಗಳನ್ನು ಅಧಿಕಾರಿಗಳು ಒಪ್ಪಬೇಕಾದರೆ ಎಂತ ಮಾಡಬೇಕು? ತಿಳಿದವರು ಹೇಳಿ.

ಬ್ಯೂರೆಟ್

ಮೊದಲು ಜಾಗ ಮತ್ತು ಹೊತ್ತು ಗಟ್ಟಿ ಮಾಡಿಕೊಳ್ಳಿ, ಪರೀಕ್ಷೆಯ ಪಟ್ಟಿ ಆಮೇಲೆ. ಹೊಳೆ ನೀರು ಬೆಳಿಗ್ಗೆ ಒಂದು ತರ, ಮಧ್ಯಾಹ್ನ ಇನ್ನೊಂದು ತರ. ಪಾಚಿ ಇರುವ ಕಡೆ ಬಿಸಿಲಿಗೆ ಆಮ್ಲಜನಕ ಏರಿ, ರಾತ್ರಿಯಿಡೀ ಇಳಿದು, ಸೂರ್ಯ ಹುಟ್ಟುವ ಹೊತ್ತಿಗೆ ತಳ ಕಾಣುತ್ತದೆ. ಮೀನು ಸಾಯುವುದು ಆ ಹೊತ್ತಿನಲ್ಲಿ. ಹನ್ನೊಂದು ಗಂಟೆಗೆ ಹೋಗಿ 7 ಮಿ.ಗ್ರಾಂ ಅಂತ ಬರೆದುಕೊಂಡು ಬಂದರೆ ಆ ಅಂಕಿ ಸುಳ್ಳಲ್ಲ, ಆದರೆ ಹೊಳೆಯ ಕಷ್ಟ ಅದರಲ್ಲಿ ಕಾಣುವುದಿಲ್ಲ. ಬೆಳಿಗ್ಗೆ 6ರಿಂದ 7.30ರ ಒಳಗೆ ಎಲ್ಲಾ ಜಾಗದಲ್ಲೂ ಒಟ್ಟಿಗೆ ತೆಗೆಯಿರಿ. ಅದಕ್ಕೆ ಜನ ಬೇಕು, ನಿಮ್ಮಲ್ಲಿ ನಾಲ್ಕು ವಾರ್ಡಿನ ಜನ ಇದ್ದಾರೆ. ಒಬ್ಬ ಅಧಿಕಾರಿ ಒಂದು ಜೀಪಿನಲ್ಲಿ ಇದನ್ನು ಮಾಡಲಿಕ್ಕೆ ಆಗುವುದಿಲ್ಲ.

ಜಾಗ ಆರು ಸಾಕು: ನೀವೇ ಹೇಳಿದ ಆರು ಊರುಗಳು. ಸೇತುವೆ ಅಥವಾ ಕಾಲುಸಂಕದ ಮೇಲಿಂದ, ಹರಿವಿನ ನಡುವಿನಲ್ಲಿ, ಮೇಲ್ಮೈಯಿಂದ ಒಂದು ಗೇಣು ಕೆಳಗೆ. ದೊಡ್ಡ ತೋಡು ಸೇರುವ ಕಡೆ ಸಂಗಮದಲ್ಲೇ ತೆಗೆಯಬೇಡಿ. ಅಲ್ಲಿ ಎರಡು ನೀರು ಬೆರೆತಿರುವುದಿಲ್ಲ, ಎಡ ದಡಕ್ಕೂ ಬಲ ದಡಕ್ಕೂ ಅಂಕಿ ಬೇರೆ ಬರುತ್ತದೆ. ಸಂಗಮದ ಸ್ವಲ್ಪ ಮೇಲೆ ಒಂದು, ಕೆಳಗೆ ನೂರು ಮೀಟರ್ ದೂರದಲ್ಲಿ ಒಂದು ತೆಗೆದರೆ ತೋಡು ಎಷ್ಟು ಕೆಡಿಸಿದೆ ಅಂತ ಗೊತ್ತಾಗುತ್ತದೆ.

ನಿಮ್ಮ ಲ್ಯಾಬಿಗೆ ಹೊಂದುವ ಪರೀಕ್ಷೆಗಳು: ಉಷ್ಣತೆ, ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ, ಅಮೋನಿಯಾ, ಬಿಒಡಿ (ನೀರಿನ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ). ಇದರಲ್ಲಿ ಆಮ್ಲಜನಕಕ್ಕೆ ಅಗ್ಗದ ಮೀಟರ್ ತೆಗೆದುಕೊಳ್ಳಬೇಡಿ. ಅದರ ಪೊರೆಯ ಕೆಳಗೆ ಗುಳ್ಳೆ ಸೇರಿದರೆ ಅಂಕಿ ತಪ್ಪುತ್ತದೆ, ತಪ್ಪಿದ್ದು ತಿಳಿಯುವುದೂ ಇಲ್ಲ. ರಾಸಾಯನಿಕ ಹಾಕಿ ಬ್ಯೂರೆಟ್ಟಿನಿಂದ ಅಳೆಯುವ ವಿಂಕ್ಲರ್ ವಿಧಾನವೇ ನಂಬಿಕೆಯದು, ಮಕ್ಕಳಿಗೆ ಕಲಿಸಲಿಕ್ಕೂ ಒಳ್ಳೆಯದು.

300 ಮಿ.ಲೀ. ಬಿಒಡಿ ಬಾಟಲಿಯನ್ನು ಗುಳ್ಳೆ ಇಲ್ಲದ ಹಾಗೆ ತುಂಬಿಸಬೇಕು. ಬಕೆಟಿನಿಂದ ಮೇಲಿಂದ ಸುರಿದರೆ ಗಾಳಿ ಬೆರೆತು ಸತ್ತ ನೀರೂ ಜೀವಂತ ಅಂತ ತೋರಿಸುತ್ತದೆ. ಸಪೂರ ನಳಿಗೆಯ ತುದಿ ಬಾಟಲಿಯ ತಳ ಮುಟ್ಟಬೇಕು, ನೀರು ಬಾಯಿಯಿಂದ ಎರಡು ಬಾಟಲಿಯಷ್ಟು ಉಕ್ಕಿ ಹೋಗಬೇಕು. ಆಮೇಲೆ ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಇಟ್ಟು 1 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, 1 ಮಿ.ಲೀ. ಕ್ಷಾರ-ಅಯೊಡೈಡ್-ಅಜೈಡ್ ಹಾಕಿ, ಮುಚ್ಚಳ ಒತ್ತಿ ತಲೆಕೆಳಗೆ ಮಾಡಿ ಹತ್ತಾರು ಸಲ ಅಲ್ಲಾಡಿಸಿ. ಕಂದು ಬಣ್ಣದ ಗಸಿ ಬಂದರೆ ಆಮ್ಲಜನಕ ಉಂಟು. ಹಾಲಿನ ಹಾಗೆ ಬೆಳ್ಳಗೆ ನಿಂತರೆ ಆ ನೀರಿನಲ್ಲಿ ಮೀನಿಗೆ ಉಸಿರಿಲ್ಲ. ಟೈಟ್ರೇಶನ್ (ಬ್ಯೂರೆಟ್ಟಿನಿಂದ ಹನಿ ಹನಿ ಹಾಕಿ ಅಳೆಯುವುದು) ಮಾಡುವ ಮೊದಲೇ, ಸಂಕದ ಮೇಲೆ ನಿಂತಲ್ಲೇ ಇದು ಕಣ್ಣಿಗೆ ಕಾಣುತ್ತದೆ. ವಾರ್ಡಿನ ಸದಸ್ಯರಿಗೆ ತೋರಿಸಲಿಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಇಲ್ಲ.

ಗಸಿ ಅರ್ಧ ಬಾಟಲಿಗೆ ಇಳಿದ ಮೇಲೆ 1 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲ. ಇಲ್ಲಿಂದ ಬಾಟಲಿಯನ್ನು ಕತ್ತಲಲ್ಲಿ ಇಟ್ಟು ಲ್ಯಾಬಿಗೆ ಒಯ್ಯಬಹುದು, ಅದೇ ದಿನ ಮುಗಿಸಬೇಕು. 201 ಮಿ.ಲೀ. ಅಳೆದು 0.025 ನಾರ್ಮಲ್ ಸೋಡಿಯಂ ಥಯೊಸಲ್ಫೇಟಿನಿಂದ ಟೈಟ್ರೇಟ್ ಮಾಡಿದರೆ ಖರ್ಚಾದ ಒಂದೊಂದು ಮಿ.ಲೀ.ಯೂ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ, ಬೇರೆ ಲೆಕ್ಕ ಬೇಡ. ಆ ದ್ರಾವಣಕ್ಕೆ ಹರಳು ಥಯೊಸಲ್ಫೇಟ್ ಲೀಟರಿಗೆ 6.205 ಗ್ರಾಂ. ಅದು ದಿನ ಹೋದ ಹಾಗೆ ಬಲ ಕಳೆದುಕೊಳ್ಳುತ್ತದೆ, ಪ್ರತಿ ಸುತ್ತಿಗೂ ಪೊಟ್ಯಾಸಿಯಂ ಡೈಕ್ರೊಮೇಟಿನ ಎದುರು ತಾಳೆ ನೋಡಿ. ಸ್ಟಾರ್ಚ್ ಹಾಕುವುದು ಬಣ್ಣ ಒಣಹುಲ್ಲಿನಷ್ಟು ತೆಳುವಾದ ಮೇಲೆಯೇ. ನೀಲಿ ಮೊದಲ ಸಲ ಮಾಯವಾದದ್ದು ಕೊನೆ. ಸ್ವಲ್ಪ ಹೊತ್ತಿನಲ್ಲಿ ನೀಲಿ ಮರಳಿ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

28 ಡಿಗ್ರಿಯಲ್ಲಿ ಶುದ್ಧ ಸಿಹಿನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ 7.8 ಮಿ.ಗ್ರಾಂ. ಸ್ನಾನಕ್ಕೆ ಯೋಗ್ಯ ಎನ್ನಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟ ಮಿತಿ ಕನಿಷ್ಠ 5, ಬಿಒಡಿ ಹೆಚ್ಚೆಂದರೆ 3. ಮೀನುಗಾರಿಕೆ, ವನ್ಯಜೀವಿಗಳಿಗೆ ಕನಿಷ್ಠ 4.

ಬಿಒಡಿ ನಮ್ಮಲ್ಲಿ 27 ಡಿಗ್ರಿಯಲ್ಲಿ 3 ದಿನದ್ದು. ಇಲ್ಲಿ ಹೊಸಬರು ಎಡವುವುದು ದುರ್ಬಲಗೊಳಿಸುವುದರಲ್ಲಿ. ಕಪ್ಪು ನೀರನ್ನು ಹಾಗೆಯೇ ಇಟ್ಟರೆ ಮೂರನೇ ದಿನ ಆಮ್ಲಜನಕ ಸೊನ್ನೆ, ನಿಜವಾದ ಬಿಒಡಿ ಎಷ್ಟೆಂದು ತಿಳಿಯುವುದೇ ಇಲ್ಲ. 30ರ ಆಸುಪಾಸು ಇರಬಹುದು ಅನಿಸಿದರೆ 300 ಮಿ.ಲೀ. ಬಾಟಲಿಗೆ 30 ಮಿ.ಲೀ. ಮಾದರಿ, ಉಳಿದದ್ದು ಗಾಳಿಯಾಡಿಸಿದ ಪೋಷಕ ದ್ರಾವಣ. ಇಳಿದ ಆಮ್ಲಜನಕ ಕನಿಷ್ಠ 2, ಉಳಿದದ್ದು ಕನಿಷ್ಠ 1 ಮಿ.ಗ್ರಾಂ ಇದ್ದರೆ ಮಾತ್ರ ಆ ಬಾಟಲಿಯ ಅಂಕಿ ಸ್ವೀಕರಿಸಿ. ಒಂದೇ ಮಾದರಿಗೆ ಮೂರು ಬೇರೆ ಬೇರೆ ಪ್ರಮಾಣ ಇಟ್ಟರೆ ಒಂದಾದರೂ ಸರಿಯಾಗುತ್ತದೆ.

ಕೋಲಿಫಾರ್ಮ್ (ಕೊಳಚೆಯ ಗುರುತಾದ ಬ್ಯಾಕ್ಟೀರಿಯಾ) ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕೊಡಿ. ಅವರೇ ಕೊಟ್ಟ ಕ್ರಿಮಿಶುದ್ಧ ಬಾಟಲಿ ಬಳಸಬೇಕು, ಹೊಳೆ ನೀರಿನಿಂದ ತೊಳೆಯಬಾರದು, ಮೇಲೆ ಒಂದಿಂಚು ಖಾಲಿ ಬಿಡಬೇಕು, ಐಸ್ ಪೆಟ್ಟಿಗೆಯಲ್ಲಿ 6 ಗಂಟೆಯೊಳಗೆ ಮುಟ್ಟಿಸಬೇಕು. ಮಲಜನ್ಯ ಕೋಲಿಫಾರ್ಮ್ ಸ್ನಾನದ ನೀರಿನಲ್ಲಿ 100 ಮಿ.ಲೀ.ಗೆ 500 ಇದ್ದರೆ ಒಳ್ಳೆಯದು, 2500 ದಾಟಬಾರದು.

ತಿಂಗಳಿಗೊಂದು ಸುತ್ತು. ಅದರ ಮೇಲೆ ಮೊದಲ ಜೋರು ಮಳೆಯ ದಿನ ಒಂದು, ಎರಡು ವರ್ಷಕ್ಕೊಮ್ಮೆ ಜನವರಿ 18ರ ಕೃಷ್ಣ ಮಠದ ಪರ್ಯಾಯದ (ಪೂಜೆಯ ಹೊಣೆ ಕೈ ಬದಲಾಗುವ ಉತ್ಸವ) ವಾರದಲ್ಲಿ ಒಂದು. ನಗರದಲ್ಲಿ ಜನ ಒಮ್ಮೆಲೇ ಹೆಚ್ಚಿದಾಗ ಒಳಚರಂಡಿ ತಡೆದುಕೊಳ್ಳುತ್ತದೋ ಇಲ್ಲವೋ ಅಂತ ಹೊಳೆಯೇ ಹೇಳುತ್ತದೆ.

ಅಳಿವೆ ಬಾಗಿಲು

ಬ್ಯೂರೆಟ್ ಅವರು ಹೇಳಿದ್ದು ಮೇಲಿನ ಜಾಗಗಳಿಗೆ ಸರಿ. ಕಲ್ಮಾಡಿಗೆ ಅದೇ ನಿಯಮ ನಡೆಯುವುದಿಲ್ಲ, ಅಲ್ಲಿ ಗಡಿಯಾರಕ್ಕಿಂತ ಉಬ್ಬರ-ಇಳಿತ ದೊಡ್ಡದು.

ಉಬ್ಬರದ ಹೊತ್ತಿಗೆ ಹೋದರೆ ನೀವು ಬಾಟ್ಲಿಗೆ ತುಂಬಿಸುವುದು ಮಲ್ಪೆ ಕಡೆಯ ಉಪ್ಪು ನೀರು. ಇಳಿತ ಮುಗಿಯಲಿಕ್ಕೆ ಎರಡು ಗಂಟೆ ಇರುವಾಗ ತೆಗೆದರೆ ಮೇಲಿಂದ ಬಂದ ನೀರು ಸಿಗ್ತದೆ. ದಿನಕ್ಕೆ ಎರಡು ಉಬ್ಬರ ಎರಡು ಇಳಿತ, ಮರುದಿನ ಸುಮಾರು 50 ನಿಮಿಷ ತಡ. ಹಾಗಾಗಿ ಪ್ರತಿ ತಿಂಗಳು ಅದೇ ತಾರೀಕು, ಅದೇ ಗಂಟೆ ಅಂದರೆ ಪ್ರತಿ ಸಲ ಬೇರೆ ನೀರು. ಉಬ್ಬರ-ಇಳಿತದ ಪಟ್ಟಿ ನೋಡಿ, ಬೆಳಿಗ್ಗೆ ಆರೂವರೆಯ ಹೊತ್ತಿಗೆ ಇಳಿಯುತ್ತಿರುವ ದಿನವನ್ನೇ ಸುತ್ತಿಗೆ ಆರಿಸಿ. ಆಗ ಮೇಲಿನವರ ಸಮಯವೂ ಕೆಡುವುದಿಲ್ಲ. ಬಲೆಗೆ ಹೋಗುವವರಿಗೆ ಇದು ಬಾಯಿಪಾಠ, ಅವರನ್ನು ನಿಮ್ಮ ಗುಂಪಿಗೆ ಸೇರಿಸಿಕೊಳ್ಳಿ. ನೀರು ಯಾವ ದಿನ ಕೆಟ್ಟಿತು, ಮರುವಾಯಿ (ಚಿಪ್ಪುಜೀವಿ) ಯಾವ ಜಾಗದಲ್ಲಿ ಸಿಗುವುದು ನಿಂತಿತು ಅಂತ ಯಾವ ದಾಖಲೆಯಲ್ಲೂ ಇಲ್ಲದ್ದು ಅವರಿಗೆ ಗೊತ್ತಿರ್ತದೆ.

ಕಲ್ಮಾಡಿಯಲ್ಲಿ ಮೇಲೊಂದು, ತಳದ ಹತ್ತಿರ ಒಂದು, ಎರಡು ಮಾದರಿ ಬೇಕು. ಉಪ್ಪು ನೀರು ಭಾರ, ಅಡಿಯಲ್ಲಿ ನುಗ್ಗಿ ಸಿಹಿನೀರನ್ನು ಮೇಲೆ ಹೊತ್ತು ನಿಲ್ತದೆ. ಎರಡೂ ಬೆರೆಯದಿದ್ದರೆ ತಳಕ್ಕೆ ಗಾಳಿ ಮುಟ್ಟುವುದಿಲ್ಲ, ಮೇಲೆ 5 ಇದ್ದಾಗ ಅಡಿಯಲ್ಲಿ 1 ಇರುವುದು ಸಾಧ್ಯ. ಏಡಿ, ಮರುವಾಯಿ ಇರುವುದು ಅಡಿಯಲ್ಲಿ.

ವಾಹಕತೆಯನ್ನು ಅಲ್ಲಿ ಕೊಳಚೆಯ ಗುರುತಾಗಿ ಬಳಸಬೇಡಿ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ನಾಡಿನ ಸಿಹಿನೀರು ಸಾಮಾನ್ಯವಾಗಿ 200 ಮೈಕ್ರೊಸೀಮನ್ಸ್ ಒಳಗೆ. ಕಲ್ಸಂಕದಲ್ಲಿ 500 ಬಂದರೆ ಅನುಮಾನ ಪಡಬೇಕು. ಸಮುದ್ರದ ನೀರು 50,000. ಕಲ್ಮಾಡಿಯಲ್ಲಿ ಉಪ್ಪಿನ ಎದುರು ಕೊಳಚೆಯ 500 ಕಾಣುವುದೇ ಇಲ್ಲ. ಇನ್ನೊಂದು, ಉಪ್ಪು ಹೆಚ್ಚಿದ ಹಾಗೆ ನೀರಿಗೆ ಆಮ್ಲಜನಕ ಹಿಡಿಯುವ ಶಕ್ತಿ ಕಡಿಮೆ. 30 ಡಿಗ್ರಿಯಲ್ಲಿ ಸಿಹಿನೀರಿಗೆ 7.5, ಸಮುದ್ರದ ನೀರಿಗೆ 6.2ರ ಹತ್ತಿರ. ಎರಡನ್ನೂ ಒಂದೇ ಗೆರೆಯಲ್ಲಿ ಬರೆದು ಕೆಳಗಿನವರು ಹೆಚ್ಚು ಕೆಡಿಸಿದರು ಅಂತ ಹೇಳಿದರೆ ಅನ್ಯಾಯ.

ಹೊಳೆಗೆ ಎಲ್ಲಾದರೂ ಕಿಂಡಿ ಅಣೆಕಟ್ಟು ಇದ್ದರೆ ಹಲಗೆ ಹಾಕಿದ ದಿನ, ತೆಗೆದ ದಿನ ಬರೆದಿಡಿ. ನಿಂತ ನೀರಿನ ಅಂಕಿ, ಹರಿಯುವ ನೀರಿನ ಅಂಕಿ ಒಂದೇ ಅಲ್ಲ.

ತೋಡಿನ ಲೆಕ್ಕ

ಕೊಳಚೆ ಎಲ್ಲಿಂದ ಅಂತ ಹುಡುಕಲಿಕ್ಕೆ ಬಿಒಡಿ ಬೇಡ ಮಾರಾಯ್ರೆ, ಮೂರು ದಿನ ಕಾಯುವಾಗ ಹರಿದದ್ದು ಹರಿದು ಹೋಗಿರ್ತದೆ. ಅಮೋನಿಯಾ ಮತ್ತು ವಾಹಕತೆ ಹಿಡ್ಕೊಂಡು ನಡೆಯಿರಿ. ಮನೆಗಳ ಕೊಳಚೆಯಲ್ಲಿ ಅಮೋನಿಯಾ ನೈಟ್ರೋಜನ್ ಸಾಮಾನ್ಯವಾಗಿ ಲೀಟರಿಗೆ 20ರಿಂದ 50 ಮಿ.ಗ್ರಾಂ. 40 ಅಂತ ಹಿಡಿದರೆ, ಒಳ್ಳೆಯ ನೀರಿಗೆ ನೂರಕ್ಕೆ ಐದು ಪಾಲು ಸೇರಿದರೂ ಹೊಳೆಯಲ್ಲಿ 2 ಕಾಣ್ತದೆ. ಬಣ್ಣ ಹೋಲಿಸುವ ಕಿಟ್ ಸಾಕು.

ಮಾರ್ಚಿನ ಒಂದು ಒಣ ಬೆಳಿಗ್ಗೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತಾ ಸೇರುವ ಪ್ರತಿ ತೋಡು, ಪ್ರತಿ ಪೈಪಿನ ಬಾಯಿಗೆ ನಂಬರು ಕೊಡಿ. ಮಳೆ ಇಲ್ಲದೆ ಮೂರು ದಿನ ಕಳೆದ ಮೇಲೂ ಮಳೆನೀರಿನ ಚರಂಡಿ ಹರಿಯುತ್ತಿದ್ದರೆ ಅದು ಒರತೆ ಆಗಿರಬೇಕು, ಇಲ್ಲವೇ ಯಾರದೋ ಮನೆಯ, ಹೋಟೆಲಿನ ನೀರು. ಅಮೋನಿಯಾ ನೋಡಿದರೆ ಯಾವುದು ಅಂತ ಅಲ್ಲೇ ಗೊತ್ತಾಗ್ತದೆ.

ಅಂಕಿ ಹೆಚ್ಚಿದ್ದು ಮಾತ್ರ ಸಾಲದು, ಎಷ್ಟು ನೀರು ಅಂತಲೂ ಬೇಕು. ಸಮ ಅಗಲದ ಹತ್ತು ಮೀಟರ್ ಜಾಗ ಅಳೆದು ಒಂದು ಕಿತ್ತಳೆ ಬಿಡಿ. ಹತ್ತು ಮೀಟರಿಗೆ 50 ಸೆಕೆಂಡ್ ತೆಗೆದುಕೊಂಡರೆ ಸೆಕೆಂಡಿಗೆ 0.2 ಮೀಟರ್. ಮೇಲ್ಮೈ ವೇಗ ತಳಕ್ಕಿಂತ ಹೆಚ್ಚಾದ್ದರಿಂದ 0.85ರಿಂದ ಗುಣಿಸಿ: 0.17. ತೋಡಿನ ಅಗಲ 2 ಮೀಟರ್, ಸರಾಸರಿ ಆಳ 15 ಸೆಂ.ಮೀ. ಆದರೆ ಸೆಕೆಂಡಿಗೆ 51 ಲೀಟರ್, ದಿನಕ್ಕೆ ಸುಮಾರು 44 ಲಕ್ಷ ಲೀಟರ್. ಅದರಲ್ಲಿ ಅಮೋನಿಯಾ 8 ಮಿ.ಗ್ರಾಂ ಇದ್ದರೆ ದಿನಕ್ಕೆ 35 ಕಿಲೋ. ಒಬ್ಬರಿಂದ ದಿನಕ್ಕೆ 8 ಗ್ರಾಂ ಅಂತ ಹಿಡಿದರೆ ನಾಲ್ಕು ಸಾವಿರಕ್ಕೂ ಮಿಕ್ಕಿದ ಜನರ ಕೊಳಚೆ. ಇದು ಬರೀ ಉದಾಹರಣೆ. ಆದರೆ ಈ ಲೆಕ್ಕ ಹಾಕಿದರೆ ನೀವು ಹುಡುಕಬೇಕಾದ್ದು ಒಂದು ಮನೆಯ ಕಳ್ಳ ಪೈಪೋ, ಇಡೀ ಬಡಾವಣೆಯ ಕೊಳಚೆ ಸಾಗಿಸುವ ಮುಖ್ಯ ಕೊಳವೆಯೋ ಅಂತ ತೀರ್ಮಾನ ಆಗ್ತದೆ. ಸಣ್ಣ ಹೋಟೆಲಿನವನ ಮೇಲೆ ಎಗರಿ ಹೋಗುವ ಮೊದಲು ಈ ಲೆಕ್ಕ ಮಾಡಿ.

ಬಟ್ಟೆ ಸೋಪಿನಲ್ಲಿ ಬಿಳುಪು ಹೆಚ್ಚಿಸುವ ವಸ್ತು ಇರ್ತದೆ, ಅದೂ ಒಳ್ಳೆಯ ಸುಳಿವು. ಬಿಳುಪು ಹಾಕದ ಹತ್ತಿಯ ತುಂಡನ್ನು ಬಲೆಯಲ್ಲಿ ಕಟ್ಟಿ ತೋಡಿನ ಬಾಯಿಯಲ್ಲಿ ನಾಲ್ಕು ದಿನ ಬಿಡಿ, ತೊಳೆದು ಕತ್ತಲ ಕೋಣೆಯಲ್ಲಿ ಯುವಿ ಟಾರ್ಚ್ ಹಾಕಿ. ಬಳಸದ ತುಂಡು ಒಂದನ್ನು ಪಕ್ಕದಲ್ಲಿಟ್ಟೇ ನೋಡಬೇಕು. ನೀಲಿಯಾಗಿ ಹೊಳೆದರೆ ಬಟ್ಟೆ ಒಗೆದ ನೀರು ಅಲ್ಲಿ ಬರ್ತಾ ಉಂಟು. ರಾತ್ರಿ ಮಾತ್ರ ಬಿಡುವವರೂ ಇದರಲ್ಲಿ ಸಿಕ್ಕಿ ಬೀಳ್ತಾರೆ, ಯಾಕಂದರೆ ಹತ್ತಿ ನಾಲ್ಕು ದಿನವೂ ಅಲ್ಲೇ ಇರ್ತದೆ.

ಮಳೆಗಾಲದ ವಿಷಯ. ಹೆಚ್ಚಿನ ಕಡೆ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಕಾರಣ ಕೊಳಚೆ ಅಲ್ಲ, ಮಾಡಿನ ನೀರು. 100 ಚದರ ಮೀಟರ್ ತಾರಸಿಗೆ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ಐದು ಜನರ ಮನೆಯ ಕೊಳಚೆ, ತಲೆಗೆ 135 ಲೀಟರ್ ಬಳಕೆ, ಅದರ ಶೇ. 80 ಅಂದರೆ ದಿನಕ್ಕೆ 540 ಲೀಟರ್. ಮಾಡಿನ ಪೈಪನ್ನು ಒಳಚರಂಡಿಗೆ ಕೊಟ್ಟ ಒಂದು ಮನೆ ಒಂದೇ ಗಂಟೆಯಲ್ಲಿ ಒಂಬತ್ತು ದಿನದ ಕೊಳಚೆಯಷ್ಟು ನೀರು ನುಗ್ಗಿಸಿತು. ಯಾವ ವೆಟ್‌ವೆಲ್ (ಪಂಪ್ ಮಾಡುವ ಮೊದಲು ಕೊಳಚೆ ನಿಲ್ಲುವ ಬಾವಿ) ತಾಳ್ತದೆ? ಇದಕ್ಕೆ ನಗರಸಭೆಯನ್ನು ಕಾಯಬೇಕಾಗಿಲ್ಲ. ನಿಮ್ಮ ನಾಲ್ಕು ವಾರ್ಡಿನಲ್ಲಿ ಮನೆ ಮನೆಗೆ ಹೋಗಿ ಮಾಡಿನ ಪೈಪು ಎಲ್ಲಿ ಹೋಗ್ತದೆ ನೋಡಿ, ಬಿಡಿಸಿ ಬಾವಿ ಕಡೆಗೋ ಇಂಗುಗುಂಡಿಗೋ ತಿರುಗಿಸಿ. ಮೇ ತಿಂಗಳೊಳಗೆ ಆಗಬೇಕು. ನನ್ನ ಲೆಕ್ಕದಲ್ಲಿ ಹೊಳೆಗೆ ಅತಿ ಬೇಗ ಉಪಕಾರ ಆಗುವ ಕೆಲಸ ಇದೇ.

ಒಳಚರಂಡಿಯ ಪಂಪ್ ನೋಡಿಕೊಳ್ಳುವವರ ಹತ್ತಿರ ಗೌರವದಿಂದ ಮಾತಾಡಿ. ಕರೆಂಟ್ ಹೋದ ಹೊತ್ತು, ಪಂಪ್ ನಿಂತ ಹೊತ್ತು ನಿಮ್ಮ ಪುಸ್ತಕದಲ್ಲಿ ಅಂಕಿಗಳ ಪಕ್ಕ ಬರೆದರೆ ಅರ್ಧ ಒಗಟು ಬಿಡಿಸಿದ ಹಾಗೆ.

ಎಚ್ಚರಿಕೆ: ಮ್ಯಾನ್‌ಹೋಲ್ ಮುಚ್ಚಳ ನೀವು ತೆಗೆಯಲೇ ಬಾರದು, ಒಳಗೆ ಇಣುಕಬಾರದು, ಯಾರನ್ನೂ ಇಳಿಸಬಾರದು. ಒಳಗಿನ ಗಾಳಿ ಒಂದೆರಡು ಉಸಿರಿಗೇ ಕೊಲ್ಲಬಹುದು. ಹೊಳೆಗೆ ಇಳಿಯುವವರು ಗಂಬೂಟು, ಕೈಗವಸು ಹಾಕಲೇಬೇಕು. ಕಾಲಲ್ಲಿ ಗಾಯ ಇದ್ದವರು ದಡದಲ್ಲಿ ನಿಂತು ಬರೆಯಲಿ. ಇಲಿಜ್ವರ ನಮ್ಮ ಜಿಲ್ಲೆಗೆ ಹೊಸತಲ್ಲ.

ಕೊಡವೂರು ಬದಿ

ಇಷ್ಟು ವಿವರ ಸಿಕ್ಕಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಮೂರು ಸಂಶಯ. ಮಠದಬೆಟ್ಟಿನ ಕೆಳಗೆ ದಡದಲ್ಲಿ ಕಿತ್ತಳೆ ಬಣ್ಣದ ಕೆಸರು, ಅದರ ಮೇಲೆ ಎಣ್ಣೆಯ ಹಾಗೆ ಕಾಮನಬಿಲ್ಲಿನ ಪೊರೆ ಕಾಣ್ತದೆ. ಗ್ಯಾರೇಜಿನ ಎಣ್ಣೆಯಾ? ಎರಡನೆಯದು, ಕೆಲವರು ಇಎಂ (ಉಪಕಾರಿ ಸೂಕ್ಷ್ಮಜೀವಿಗಳ) ದ್ರಾವಣದ ಮಣ್ಣಿನ ಉಂಡೆ ಎಸೆದರೆ ಹೊಳೆ ಶುದ್ಧ ಆಗ್ತದೆ ಅಂತ ಒತ್ತಾಯ ಮಾಡ್ತಿದ್ದಾರೆ. ಮೂರನೆಯದು, ಹೊಳೆ ಬದಿಯ ಮನೆಗಳ ಬಾವಿ ನೀರು ಕುಡಿಯಬಹುದಾ?

ಬ್ಯೂರೆಟ್

ಒಂದು ಕೋಲಿನಿಂದ ಆ ಪೊರೆಯನ್ನು ಕದಡಿ. ಒಡೆದ ಗಾಜಿನ ಹಾಗೆ ಚೂರುಚೂರಾಗಿ ಹಾಗೆಯೇ ನಿಂತರೆ ಕಬ್ಬಿಣದ ಬ್ಯಾಕ್ಟೀರಿಯಾ, ಸುತ್ತಿ ಬಂದು ಮತ್ತೆ ಕೂಡಿಕೊಂಡರೆ ಎಣ್ಣೆ. ಮುರಕಲ್ಲಿನೊಳಗಿಂದ ಬರುವ ಒರತೆಯಲ್ಲಿ ಕಬ್ಬಿಣ ಕರಗಿರುತ್ತದೆ, ಗಾಳಿಗೆ ಬಂದಾಗ ತುಕ್ಕಾಗಿ ಕಿತ್ತಳೆ ಕೆಸರು ಕಟ್ಟುತ್ತದೆ. ಅದು ಮಾಲಿನ್ಯ ಅಲ್ಲ, ಬೇಸಿಗೆಯಲ್ಲಿ ಹೊಳೆಗೆ ಸಿಗುವ ಒಳ್ಳೆಯ ನೀರು. ಅಲ್ಲಿ ತಡೆಗೋಡೆ ಕಟ್ಟುವ ಮಾತು ಬಂದರೆ ಒರತೆ ಮುಚ್ಚದ ಹಾಗೆ ನೋಡಿಕೊಳ್ಳಿ. ಕಬ್ಬಿಣ ಹೆಚ್ಚಿರುವ ಮಾದರಿಗೆ ವಿಂಕ್ಲರ್ ಮಾಡುವಾಗ ಸಲ್ಫ್ಯೂರಿಕ್ ಬದಲು ಫಾಸ್ಫಾರಿಕ್ ಆಮ್ಲ ಬಳಸಿ, ಇಲ್ಲದಿದ್ದರೆ ಅಂಕಿ ಏರುಪೇರಾಗುತ್ತದೆ.

ಇಎಂ ಉಂಡೆ ಬೇಡ. ಹರಿಯುವ ಹೊಳೆಗೆ ಪ್ರತಿ ಗಂಟೆಯೂ ಹೊಸ ಕೊಳಚೆ ಬರುತ್ತಿರುವಾಗ ಎಸೆದ ಉಂಡೆ ಏನನ್ನೂ ಹಿಡಿದಿಡುವುದಿಲ್ಲ. ಉಂಡೆಯಲ್ಲಿರುವ ಬೆಲ್ಲದ ಅಂಶ, ತೌಡು ಸ್ವತಃ ಬಿಒಡಿ ಏರಿಸುವ ವಸ್ತುಗಳು. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಹೊಳೆಯಲ್ಲಿ ಕೊರತೆ ಇಲ್ಲ, ಕೊರತೆ ಇರುವುದು ಆಮ್ಲಜನಕಕ್ಕೆ.

ಕಾಗದ ಪತ್ರ

ಅಂಕಿಗಳನ್ನು ಒಪ್ಪಿಸುವ ವಿಷಯ ಯಾರೂ ಬರೆದಿಲ್ಲ. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ನ್ಯಾಯಾಲಯದಲ್ಲಿ ನಿಲ್ಲುವ ಮಾದರಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ತೆಗೆಯಬೇಕು: ಸ್ಥಳದಲ್ಲೇ ನೋಟಿಸ್, ಎರಡು ಪಾಲು, ಸೀಲು, ಸಹಿ. ನಿಮ್ಮ ಬಾಟಲಿ ಅದಕ್ಕೆ ಬದಲಿ ಆಗುವುದಿಲ್ಲ. ಎಲ್ಲಿ, ಯಾವ ಹೊತ್ತಿಗೆ ಬರಬೇಕು ಅಂತ ಅಧಿಕಾರಿಗೆ ತೋರಿಸಿಕೊಡುವುದೇ ನಿಮ್ಮ ಅಂಕಿಗಳ ಕೆಲಸ. "ಹೊಳೆ ಹಾಳಾಗಿದೆ" ಅಂತ ಅರ್ಜಿ ಕೊಟ್ಟರೆ ಅದು ಫೈಲಿಗೆ ಹೋಗುತ್ತದೆ. "ಏಳನೇ ನಂಬರಿನ ಪೈಪಿನಲ್ಲಿ ನಾಲ್ಕು ಸುತ್ತಿನಲ್ಲೂ ಬೆಳಿಗ್ಗೆ ಆರೂವರೆಗೆ ಅಮೋನಿಯಾ ಇಷ್ಟು, ಅದರ ಮೇಲ್ಗಡೆ ಇಷ್ಟು" ಅಂತ ಕೊಟ್ಟರೆ ಒಬ್ಬ ಎಂಜಿನಿಯರ್ ಬಂದು ನೋಡಲೇಬೇಕಾಗುತ್ತದೆ.

ಅದಕ್ಕೆ ಹತ್ತು ಮಾದರಿಗೆ ಒಂದನ್ನು ಜೋಡಿಯಾಗಿ ತೆಗೆಯಿರಿ, ಪ್ರತಿ ಸುತ್ತಿಗೆ ಡಿಸ್ಟಿಲ್ಡ್ ನೀರಿನ ಒಂದು ಬಾಟಲಿಯನ್ನೂ ಹೊತ್ತುಕೊಂಡು ಹೋಗಿ ಬನ್ನಿ (ಬಾಟಲಿಯಿಂದ, ಸಾಗಾಟದಿಂದ ಕೊಳೆ ಸೇರಿಲ್ಲ ಅಂತ ತಿಳಿಯಲಿಕ್ಕೆ). ಜೋಡಿಯ ಅಂಕಿಗಳು ಹೊಂದದಿದ್ದರೆ ಆ ಸುತ್ತನ್ನು ಪ್ರಕಟಿಸಬೇಡಿ. ತೆಗೆದವರ ಸಹಿ, ಗಂಟೆ, ಹಿಂದಿನ ಮೂರು ದಿನದ ಮಳೆ ಪ್ರತಿ ಹಾಳೆಯಲ್ಲೂ ಇರಲಿ. ಮೊದಲ ಸುತ್ತಿಗೇ ನಗರಸಭೆಯ ಪರಿಸರ ಎಂಜಿನಿಯರ್ ಅವರನ್ನು ಕರೆಯಿರಿ, ಪತ್ರಿಕೆಯವರನ್ನು ಕರೆಯುವುದು ಆಮೇಲೆ. ಒಳಚರಂಡಿಯ ನಕ್ಷೆ, ಶುದ್ಧೀಕರಣ ಘಟಕದ ತಿಂಗಳ ವರದಿ ಕೇಳಿದಾಗ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು.

ಮುರಕಲ್ಲು

ಬಾವಿ ಬಗ್ಗೆ. ಮುರಕಲ್ಲಿನಲ್ಲಿ ಸಣ್ಣ ಸಣ್ಣ ಬಿಲಗಳಿರ್ತವೆ, ಮರಳಿನ ಹಾಗೆ ನೀರನ್ನು ಸೋಸುವುದಿಲ್ಲ. ಹೊಳೆಯ ಮಟ್ಟಕ್ಕಿಂತ ಬಾವಿಯ ನೀರಿನ ಮಟ್ಟ ಕೆಳಗಿದ್ದರೆ ಹೊಳೆ ನೀರು ಬಾವಿಗೆ ಬರ್ತದೆ. ಪಂಪ್ ಜೋರಾಗಿ ಓಡಿಸಿದಷ್ಟೂ ಹೆಚ್ಚು. ಹಗ್ಗ ಇಳಿಸಿ ಎರಡೂ ಮಟ್ಟ ಅಳೆಯಿರಿ, ಏಪ್ರಿಲಿನಲ್ಲಿ ಮತ್ತು ಆಗಸ್ಟಿನಲ್ಲಿ.

ಎಚ್2ಎಸ್ ಬಾಟಲಿ ಪರೀಕ್ಷೆ (ಮಲದ ಬ್ಯಾಕ್ಟೀರಿಯಾ ಇದ್ದರೆ ನೀರು ಕಪ್ಪಾಗುವ ಕಿಟ್) ಬಾವಿಗೆ ಸರಿ, 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ನೀರು ಕುದಿಸಿಯೇ ಕುಡಿಯಬೇಕು. ಹೊಳೆಗೆ ಅದನ್ನು ಬಳಸಬೇಡಿ, ಯಾವಾಗಲೂ ಕಪ್ಪೇ ಬರ್ತದೆ, ಎಷ್ಟು ಅಂತ ಹೇಳುವುದಿಲ್ಲ. ಜೊತೆಗೆ ನೈಟ್ರೇಟ್ ನೋಡಿ, ಕುಡಿಯುವ ನೀರಿನ ಮಿತಿ 45 ಮಿ.ಗ್ರಾಂ. ಅದು ಏರಿದ್ದರೆ ಹೊಳೆಯನ್ನೇ ದೂರುವ ಮೊದಲು ಮನೆಯ ಶೌಚಗುಂಡಿ ಎಷ್ಟು ದೂರ ಉಂಟು ಅಂತ ನೋಡಿ.

ಬ್ಲೀಚಿಂಗ್ ಪುಡಿ ಹೊಸತಾಗಿದ್ದರೆ, ಅಂದರೆ ಶೇ. 33ರಷ್ಟು ಕ್ಲೋರಿನ್ ಇದ್ದರೆ, ಸಾವಿರ ಲೀಟರಿಗೆ 2.5 ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರು ಅಂದರೆ 12,500 ಲೀಟರ್, ಪುಡಿ 31 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ ಬಾವಿಗೆ ಇಳಿಸಿ ಕದಡಬೇಕು. ರಾತ್ರಿ ಹಾಕಿ, ಬೆಳಿಗ್ಗೆಯವರೆಗೆ ಸೇದಬೇಡಿ. ಹೊಳೆ ನೀರು ಒಳಗೆ ಬರುತ್ತಲೇ ಇದ್ದರೆ ಇದರ ಫಲ ಕೆಲವೇ ದಿನ. ಅಂಥ ಮನೆಗಳಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರೇ ಕುಡಿಯಲಿಕ್ಕೆ, ಬಾವಿ ನೀರು ತೋಟಕ್ಕೆ ಮತ್ತು ನೆಲ ತೊಳೆಯಲಿಕ್ಕೆ.